ಗೂಟಕ್ಕೆ ತೂಗಿದ ಚೀಲ

ಬ್ಯಾಡಗಿಯ ನಮ್ಮ ಮನೆಯಲ್ಲಿ ಬಿಳಿ ಬಟ್ಟೆಗೆ ಪ್ರವೇಶವಿರಲಿಲ್ಲ. ಅಪ್ಪನಿಗೆ ಮಾರ್ಕೆಟ್ ಯಾರ್ಡಿನಲ್ಲಿ ಸಣ್ಣದೊಂದು ದಲಾಲಿ ಅಂಗಡಿ. ಸುಗ್ಗಿ ಶುರುವಾಯಿತೆಂದರೆ ಊರಿಗೆ ಊರೇ ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತ, ಸೀನುತ್ತ ಏಳುತ್ತಿತ್ತು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೊರಗಿನವರು ಹೊಗಳುತ್ತಾರೆ. ಹೊಗಳುವವರು ಆ ಊರಿನಲ್ಲಿ ಒಂದು ದಿನ ಅರಿವೆ ಒಗೆದು ನೋಡಬೇಕು. ಅಪ್ಪ ಯಾರ್ಡಿಗೆ ಹಾಕಿಕೊಂಡು ಹೋಗುವ ಅಂಗಿ ಪಾಯಜಾಮಕ್ಕೆ ಅವ್ವ ‘ಘಾಟಿನ ಅರಿವಿ’ ಎಂದೇ ಹೆಸರಿಟ್ಟಿದ್ದಳು. ಅವು ಮನೆಯೊಳಗೆ ಕಾಲಿಡುವಂತಿರಲಿಲ್ಲ. ಸಂಜೆ ಅಪ್ಪ ಕಳ್ಳನ ಹಾಗೆ ಹಿತ್ತಲ ಬಾಗಿಲಿನಿಂದ ಬಂದು, ಬಚ್ಚಲಲ್ಲಿ ಮೈತೊಳೆದು, ಬೇರೆ ಉಟ್ಟ ಮೇಲೆಯೇ ನಮ್ಮನ್ನು ಮುಟ್ಟಬೇಕು. ತಮ್ಮ ಬಸು ಕೂಸಾಗಿದ್ದಾಗ ಒಮ್ಮೆ ಅಪ್ಪನಿಗೆ ತಡೆಯಲಾಗದೆ ಹಾಗೆಯೇ ಎತ್ತಿ ಮುದ್ದಾಡಿದ್ದಕ್ಕೆ ಕೂಸು ಕಣ್ಣುಜ್ಜಿಕೊಂಡು ಮನೆ ಹಾರಿಹೋಗುವಂತೆ ಅತ್ತಿತ್ತಂತೆ. ಅಪ್ಪ ಯಾವ ವಿಷಯಕ್ಕೆ ದನಿ ಏರಿಸಿದರೂ ಅವ್ವ ಆ ಕಥೆಯನ್ನು ತೆಗೆಯುತ್ತಿದ್ದಳು, ಅಪ್ಪ ತಣ್ಣಗಾಗುತ್ತಿದ್ದ. ಘಾಟಿನ ಅರಿವೆಯನ್ನು ಎಲ್ಲರದೂ ಒಗೆದಾದ ಮೇಲೆ ಕಡೆಗೆ, ಬೇರೆ ಬುಟ್ಟಿಯಲ್ಲಿ ಒಗೆದು, ಹಿತ್ತಲ ಬೇಲಿಯ ಮೇಲೆ ಹರವುತ್ತಿದ್ದರು. ಅಪ್ಪನ ತಾಯಿಯ ಕಾಲದಿಂದ ನಡೆದು ಬಂದ ಪದ್ಧತಿ ಅದು. ಸೊಸೆಯಾಗಿ ಬಂದ ಅವ್ವ ಅದನ್ನು ಹುಟ್ಟಿದವರಿಗಿಂತ ಬಿಗಿಯಾಗಿ ಹಿಡಿದಿದ್ದಳು.

ಹೀಗಾಗಿ ನಮ್ಮ ಮನೆಯ ಬಣ್ಣಗಳೆಂದರೆ ಕಾಫಿ, ಇಟ್ಟಂಗಿ, ಹುಣಸೆಹಣ್ಣು. ಅಪ್ಪನ ಓರಗೆಯ ದಲಾಲರು ಬಿಳಿ ಧೋತರ ಉಟ್ಟು ಗಾದಿಯ ಮೇಲೆ ಕೂತಿದ್ದರೆ ಅಪ್ಪ ಅವರ ನಡುವೆ ಕಾಫಿ ಬಣ್ಣದ ಅಂಗಿಯಲ್ಲಿ ಹಮಾಲರ ಮುಕಾದಮನಂತೆ ಕಾಣುತ್ತಿದ್ದ. ಅವ್ವ ವರ್ಷಕ್ಕೊಮ್ಮೆ ಗಟ್ಟಿ ಪಾಪಲೀನಿನ ಒಂದು ತುಂಡು ತರಿಸುವಳು. ಅದರಲ್ಲಿ ತನಗೊಂದು ಕುಬಸ, ನನಗೊಂದು ಪೋಲಕ, ಬಸೂಗೊಂದು ಚಡ್ಡಿ, ಉಳಿದದ್ದರಲ್ಲಿ ಅಪ್ಪನ ತಲೆದಿಂಬಿಗೆ ಗಲೀಫು. ನಾವೆಲ್ಲ ಒಂದೇ ತಾನಿನಿಂದ ಕತ್ತರಿಸಿದ ಮನುಷ್ಯರು ಎಂದು ಅಪ್ಪ ನಗುತ್ತಿದ್ದ. ಆದರೆ ಅದರಲ್ಲೊಂದು ಅನುಕೂಲವಿತ್ತು: ಯಾರ ಯಾವ ಅರಿವೆ ಯಾವುದರ ಜೊತೆಗೆ ಹಾಕಿದರೂ ಹೊಂದುತ್ತಿತ್ತು. ಬೆಳಗ್ಗೆ ಎದ್ದು ಇವತ್ತು ಏನು ಹಾಕಲಿ ಎಂದು ಯಾರೂ ನಿಂತು ಯೋಚಿಸಿದ್ದನ್ನು ನಾನು ಕಂಡಿಲ್ಲ. ನಮ್ಮ ಶಾಲೆಯಲ್ಲಿ ಆಗಿನ್ನೂ ಸಮವಸ್ತ್ರ ಬಂದಿರಲಿಲ್ಲ. ಬೇರೆ ಹುಡುಗಿಯರು ಹಳದಿ, ಗುಲಾಬಿ ಲಂಗದಲ್ಲಿ ಬಂದರೆ ನಾನು ಮಾತ್ರ ಹುಣಸೆಹಣ್ಣು. ಅದಕ್ಕಾಗಿ ಅವ್ವನ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು.

ಕಪಾಟು ನಮ್ಮಲ್ಲಿರಲಿಲ್ಲ. ಒಳಕೋಣೆಯ ದಪ್ಪ ಮಣ್ಣಿನ ಗೋಡೆಯಲ್ಲಿ ಸಾಲಾಗಿ ನಾಲ್ಕು ಗೂಡುಗಳಿದ್ದವು, ಬಾಗಿಲಿಲ್ಲದವು. ಮನೆಯಲ್ಲಿ ನಾಲ್ಕು ಜನ, ಒಬ್ಬೊಬ್ಬರಿಗೆ ಒಂದೊಂದು. ಗೂಡಿನಲ್ಲಿ ಹಿಡಿಸಿದಷ್ಟೇ ಅರಿವೆ. ಹಬ್ಬಕ್ಕೊಂದು ಹೊಸದು ಬಂತೆಂದರೆ ಹಳೆಯದೊಂದು ಹೊರಬಿದ್ದು ಕೌದಿಯ ಗಂಟಿಗೆ ಸೇರಬೇಕು. ಕೌದಿಯೆಂದರೆ ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ತುಂಡುಗಳನ್ನು ಹಚ್ಚಿ, ಕೈಯಲ್ಲಿ ಹೊಲಿಯುವ ಹೊದಿಕೆ. ಕೌದಿಗೆ ಹೋದದ್ದು ತಿರುಗಿ ಬರುವುದಿಲ್ಲ. ನಾನು ಯಾವುದಾದರೂ ಹಳೆಯ ಲಂಗಕ್ಕೆ ಅಂಟಿಕೊಂಡು ಅತ್ತರೆ ಅವ್ವ ತನ್ನ ಲೆಕ್ಕ ಒಪ್ಪಿಸುತ್ತಿದ್ದಳು:

“ಮೈಮ್ಯಾಲೊಂದು, ಹಗ್ಗದ ಮ್ಯಾಲೊಂದು, ಗೂಡಿನ್ಯಾಗೊಂದು. ನಾಕನೇದು ಊರ ಮಂದೀಗೆ. ಐದನೇದಕ್ಕ ನಿನಗ ಮೈ ಎಲ್ಲೈತಿ?”

ನಾಲ್ಕನೆಯದು ಎಂದರೆ ಮದುವೆ ಮುಂಜಿವೆಗೆ ಮಂದಿಯ ಮುಂದೆ ಹಾಕಿಕೊಳ್ಳುವಂಥದ್ದು. ಈ ಮಾತು ಈಗೇಕೆ ನೆನಪಾಯಿತೆಂದರೆ, ನನ್ನ ಮೊಮ್ಮಗಳು ಸಹನಾ ಹಾವೇರಿಯ ಬ್ಯಾಂಕಿನಲ್ಲಿ ನೌಕರಿ ಸಿಕ್ಕಿ ಧಾರವಾಡದಿಂದ ನನ್ನ ಮನೆಗೆ ಬಂದಿದ್ದಾಳೆ. ಸ್ವಲ್ಪ ದಿನ ಇದ್ದು ಆಮೇಲೆ ರೂಮು ನೋಡಿಕೊಳ್ಳುತ್ತಾಳಂತೆ. ಬಂದಾಗಿನಿಂದ ಅವಳ ಸೂಟ್‌ಕೇಸು ಮಂಚದ ಪಕ್ಕ ಬಾಯಿ ತೆರೆದುಕೊಂಡೇ ಬಿದ್ದಿತ್ತು. ಮೊನ್ನೆ ಭಾನುವಾರ ಅದರಲ್ಲಿದ್ದುದನ್ನೆಲ್ಲ ಹಾಸಿಗೆಯ ಮೇಲೆ ಸುರುವಿಕೊಂಡು, ಮೊಬೈಲ್ ನೋಡುತ್ತ, ಅದು ಬೇಕು ಇದು ಬೇಡ ಎಂದು ಗುಡ್ಡೆ ಮಾಡುತ್ತಿದ್ದಳು.

“ಅಜ್ಜಿ, ಇದಕ್ಕ ಕ್ಯಾಪ್ಸೂಲ್ ವಾರ್ಡ್‌ರೋಬ್ ಅಂತಾರ. ಅರಿವಿ ಕಡಿಮಿ ಇರಬೇಕು, ಆದ್ರ ಎಲ್ಲಾದ್ರ ಜೋಡಿ ಎಲ್ಲಾ ಹೊಂದಬೇಕು. ಆಫೀಸಿಗೂ ಆಗಬೇಕು, ಊರಿಗೆ ಹೋಗಾಕೂ ಆಗಬೇಕು.”

ಹೆಸರು ಹೊಸದು, ಸರಕು ನಮ್ಮವ್ವನದು ಎಂದೆ. ಅವಳು ನಕ್ಕು, ನನ್ನ ಕಪಾಟಿನ ಬಾಗಿಲು ತೆಗೆದು, ಕೆಳಗಿನ ಒಂದು ಅರೆ ಪೂರ್ತಿ ಖಾಲಿ ಇರುವುದನ್ನು ಕಂಡು, ಇದ್ಯಾಕೆ ಖಾಲಿ ಎಂದಳು. ಕೂತುಕೋ, ಹೇಳುತ್ತೇನೆ ಎಂದೆ. ಅದನ್ನು ಹೇಳಬೇಕಾದರೆ ಶಾಂತತ್ತಿಯ ಚೀಲದಿಂದ ಶುರು ಮಾಡಬೇಕು.

ಶಾಂತತ್ತಿ ಅಪ್ಪನ ಒಬ್ಬಳೇ ತಂಗಿ. ರಾಣೇಬೆನ್ನೂರಿನ ಅರಿವೆ ಅಂಗಡಿಯವರ ಮನೆಗೆ ಕೊಟ್ಟಿತ್ತು. ಮಕ್ಕಳಾಗಿರಲಿಲ್ಲ. ಹಬ್ಬಕ್ಕೆ ಬಂದಾಗ ಬಂದ ದಿನಕ್ಕೊಂದು, ಹೋಗುವ ದಿನಕ್ಕೊಂದು ಸೀರೆ ಉಟ್ಟು, ಮನೆಯಲ್ಲೆಲ್ಲ ಹೊಸ ಬಟ್ಟೆಯ ಗಂಜಿ ವಾಸನೆ ಹರಡಿ ಹೋಗುತ್ತಿದ್ದಳು. ಅಂಥವಳು ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಒಂದು ಮಧ್ಯಾಹ್ನ ಒಬ್ಬಳೇ ಬಸ್ಸಿಳಿದು ಬಂದಳು. ಮೈಮೇಲೆ ಆಕಾಶ ಬಣ್ಣದ ಸೀರೆ, ಕೈಯಲ್ಲಿ ಒಂದು ಚೀಲ. ದಪ್ಪ ಕ್ಯಾನ್ವಾಸಿನ ಚೀಲ, ಅದರ ಮೇಲೆ ಅವರ ಅಂಗಡಿಯ ಹೆಸರು ಕೆಂಪು ಅಕ್ಷರದಲ್ಲಿ, ಕೆಳಗೆ ರಾಣೇಬೆನ್ನೂರು ಎಂದು. ಅವ್ವ ನೀರು ಕೊಟ್ಟಳು, ಊಟಕ್ಕೆ ಹಾಕಿದಳು, ಯಾಕೆ ಬಂದೆ ಎಂದು ಕೇಳಲಿಲ್ಲ. ಚೀಲ ಕೊಡು, ಅರಿವೆ ತೆಗೆದಿಡುತ್ತೇನೆ ಎಂದಾಗ ಅತ್ತಿ ಬಿಡಲಿಲ್ಲ.

“ಇರ್ಲಿ ಬಿಡು ವೈನಿ. ಎರಡು ದಿನ ಇರಾಕ ಬಂದೇನಿ. ಅದಕ್ಯಾಕ ಗೂಡು?”

ಬಾಗಿಲ ಹಿಂದಿನ ಗೂಟಕ್ಕೆ ಚೀಲ ತೂಗುಬಿಟ್ಟಳು. ಎರಡು ದಿನ ಎಂದದ್ದು ಸುಗ್ಗಿ ಅರ್ಧವಾದರೂ ಮುಗಿಯಲಿಲ್ಲ. ಅತ್ತಿ ಬೆಳಗ್ಗೆ ಚೀಲದಿಂದ ಅರಿವೆ ತೆಗೆಯುವಳು, ಸಂಜೆ ಒಣಗಿದ್ದನ್ನು ಮಡಚಿ ಮತ್ತೆ ಚೀಲದಲ್ಲಿಟ್ಟು ಬಾಯಿ ಕಟ್ಟುವಳು. ಅವಳು ಬಂದ ಮೇಲೆ ಮನೆಯ ಚರ್ಯೆಯೇ ಬದಲಾಗಿತ್ತು. ನನ್ನ ತಲೆ ಬಾಚುವಾಗ ಅವಳು ಹಾಡುತ್ತಿದ್ದಳು, ಬಸೂನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಟೇಷನ್ನಿಗೆ ರೈಲು ತೋರಿಸಲು ಒಯ್ಯುತ್ತಿದ್ದಳು. ನಾನು ಶಾಲೆಯಿಂದ ಬಂದವಳೇ ಪಾಟಿಚೀಲ ಬಿಸಾಡಿ ಒಳಕೋಣೆಯ ಬಾಗಿಲ ಹಿಂದೆ ನೋಡುತ್ತಿದ್ದೆ. ಗೂಟದಲ್ಲಿ ಚೀಲವಿದ್ದರೆ ಅತ್ತಿ ಇದ್ದಾಳೆ. ಅವಳು ನೀರಿಗೆ ಹೋಗಿರಲಿ, ಗುಡಿಗೆ ಹೋಗಿರಲಿ, ಚೀಲ ಇದ್ದರೆ ಸಾಕು, ನನಗೆ ಹಸಿವಾಗುತ್ತಿತ್ತು.

ಅವ್ವನಿಗೆ ಮಾತ್ರ ಆ ಚೀಲ ಕಂಡರೆ ಆಗುತ್ತಿರಲಿಲ್ಲ. ಕಸ ಗುಡಿಸುತ್ತ ಗೂಟದ ಹತ್ತಿರ ಬಂದಾಗಲೆಲ್ಲ ಗೊಣಗುತ್ತಿದ್ದಳು.

“ಈ ಚೀಲ ನೋಡಿದ್ರ ನನಗ ಮನ್ಯಾಗ ಇದ್ದಂಗ ಅನಸೂದಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ಕುಂತಂಗ ಆಗತೈತಿ.”

ಅತ್ತಿ ಅದನ್ನು ಕೇಳಿಸಿಕೊಂಡು ಚೀಲದ ಬಾಯನ್ನು ಇನ್ನಷ್ಟು ಬಿಗಿದು ಕಟ್ಟುವಳು. ಅವ್ವ ಅತ್ತಿಯನ್ನು ಓಡಿಸಲು ನೋಡುತ್ತಿದ್ದಾಳೆಂದೇ ನಾನು ತಿಳಿದಿದ್ದೆ. ಗೂಡಿನಲ್ಲಿ ಒಂದು ಪೋಲಕ ಹೆಚ್ಚಾದರೆ ಸಹಿಸದವಳು, ಮನೆಯಲ್ಲಿ ಒಬ್ಬ ಹೆಂಗಸು ಹೆಚ್ಚಾದರೆ ಸಹಿಸುತ್ತಾಳೆಯೆ? ಇಬ್ಬರಿಗೂ ದಿನಕ್ಕೊಂದು ಜಗಳ ಇದ್ದೇ ಇತ್ತು. ಒಬ್ಬಳದು ಕಡಿಮೆಯ ಕೈ, ಇನ್ನೊಬ್ಬಳದು ಅಂಗಡಿಯ ಕೈ. ನಿಮ್ಮ ಮನೆ ಬಣ್ಣ ನೋಡಿದರೆ ಸೂತಕ ಬಂದಂತಿದೆ ಎಂದು ಅತ್ತಿ, ನಿಮ್ಮ ಬಣ್ಣ ಉಟ್ಟು ಯಾರ್ಡಿನ ಮುಂದೆ ಹಾದು ಬಾ ನೋಡೋಣ ಎಂದು ಅವ್ವ.

ಆ ಬಣ್ಣವೇ ಒಂದು ದಿನ ಎಡವಟ್ಟು ಮಾಡಿತು. ಅವ್ವನಿಗೆ ಜ್ವರ ಬಂದಿತ್ತು. ಒಗೆಯುವ ಕೆಲಸ ತಾನು ಮಾಡುತ್ತೇನೆಂದು ಅತ್ತಿ ಸೆರಗು ಸಿಕ್ಕಿಸಿ ಕೂತಳು. ಅಪ್ಪನ ಘಾಟಿನ ಅಂಗಿ, ತನ್ನ ಆಕಾಶ ಬಣ್ಣದ ಸೀರೆ ಎರಡನ್ನೂ ಒಂದೇ ಬುಟ್ಟಿಯಲ್ಲಿ ನೆನೆಹಾಕಿದಳು. ಒಣಗಿದ ಸೀರೆಯಲ್ಲಿ ಅಲ್ಲಲ್ಲಿ ಇಟ್ಟಂಗಿ ಬಣ್ಣದ ಮಚ್ಚೆ. ಅದು ಹೋಗಲಿ ಎಂದರೆ, ಅದನ್ನೇ ಉಟ್ಟುಕೊಂಡು ಒಲೆಯ ಮುಂದೆ ಬೆವತದ್ದೇ ತಡ, ನಿರಿಗೆ ಸಿಕ್ಕಿಸಿದ ನಡುವೆಲ್ಲ ಉರಿ ಎದ್ದು ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಕುಣಿಯತೊಡಗಿದಳು. ಅವ್ವ ಕಂಬಳಿ ಹೊದ್ದುಕೊಂಡೇ ಎದ್ದು ಬಂದಳು.

“ಅರಿವಿ ಅಂಗಡಿಯವರ ಮನಿ ಸೇರಿ ಮೆಣಸಿನಕಾಯಿ ಮರತೀಯೇನವಾ? ಘಾಟಿನ ಅರಿವಿ ಕಡೀಕ ಒಗೀಬೇಕು, ಬ್ಯಾರೆ ಒಗೀಬೇಕು. ನೀ ಹುಟ್ಟಿದ ಮನೀ ಪದ್ಧತಿ ಇದು, ನಾ ತವರಿಂದ ತಂದದ್ದಲ್ಲ!”

“ಮರತದ್ದು ಖರೇ ವೈನಿ. ಬೈಯೂದು ಆಮ್ಯಾಲೆ ಬೈಯಿ, ಮೊದಲ ಏನರ ಹಚ್ಚು.”

ಇಬ್ಬರೂ ಒಳಕೋಣೆಗೆ ಹೋದರು. ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಕೊಟ್ಟು ನಾನು ಬಾಗಿಲಲ್ಲೇ ನಿಂತೆ. ಅತ್ತಿ ಗೋಡೆಯತ್ತ ಮುಖ ಮಾಡಿ ಕೂತಿದ್ದಳು. ಅವ್ವ ಬೈಯುತ್ತಲೇ ನಡುವಿಗೆ ಎಣ್ಣೆ ಹಚ್ಚಿದಳು, ಕೈ ಮೇಲಕ್ಕೆ ಹೋಯಿತು, ಅಲ್ಲಿಯೇ ನಿಂತಿತು. ಬೈಗುಳವೂ ನಿಂತಿತು.

“ಇದು ಮೆಣಸಿನಕಾಯಿದಲ್ಲ ಶಾಂತಾ.”

ಅತ್ತಿ ಸೆರಗಿಗೆ ಕೈ ಹಾಕಿದಳು, ಅವ್ವ ಬಿಡಲಿಲ್ಲ.

“ಎಷ್ಟ ದಿನದಿಂದ ನಡದೈತಿ ಇದು?”

“ಅಣ್ಣಗ ಹೇಳಬ್ಯಾಡ ವೈನಿ. ನಿನಗ ಕೈ ಮುಗೀತೇನಿ. ನಾ ಇನ್ನೂ ಅಲ್ಲಿಗೆ ಹೋಗೂದೈತಿ.”

ಬೆನ್ನಿನ ಮೇಲಿನ ಬರೆಗಳನ್ನು ನಾನೂ ಕಂಡೆ. ಕೆಲವು ಹಳೆಯವು, ಕಪ್ಪಾಗಿದ್ದವು. ಮಕ್ಕಳಿಗೆ ಇಂಥದ್ದು ತಿಳಿಯುವುದಿಲ್ಲ ಎಂದು ದೊಡ್ಡವರು ಅಂದುಕೊಳ್ಳುತ್ತಾರೆ. ನನಗೆ ಪೂರಾ ತಿಳಿಯಿತು. ಅವ್ವ ತಿರುಗಿ ನನ್ನನ್ನು ನೋಡಿದಳು, ತುಟಿಯ ಮೇಲೆ ಎಣ್ಣೆಯ ಬೆರಳಿಟ್ಟಳು. ಅಂದು ಅವಳು ಅತ್ತಿಗೆ ಕೊಟ್ಟ ಮಾತಿಗೆ ನಾನೂ ಸೇರಿಕೊಂಡಂತಾಯಿತು. ಅವ್ವ ಮಾತು ಕೊಟ್ಟರೆ ಮುರಿಯುವವಳಲ್ಲ. ಅದು ಅವಳ ದೊಡ್ಡ ಗುಣವೂ ಹೌದು, ನಮಗೆಲ್ಲ ದೊಡ್ಡ ಉಪದ್ರವವೂ ಹೌದು. ಅತ್ತಿಗೆ ಅವತ್ತು ಉಡಲು ತನ್ನ ಹಗ್ಗದ ಮೇಲಿನ ಸೀರೆಯನ್ನೇ ಕೊಟ್ಟಳು. ಕಾಫಿ ಬಣ್ಣದ ಇಳಕಲ್ ಸೀರೆ ಉಟ್ಟು ಹೊರಬಂದ ಅತ್ತಿ ಮೊದಲ ಸಲ ನಮ್ಮ ಮನೆಯವಳಂತೆ ಕಂಡಳು.

ಮಚ್ಚೆಬಿದ್ದ ಸೀರೆಯ ಒಳಸೆರಗು ಸ್ವಲ್ಪ ಚೊಕ್ಕಟವಾಗಿತ್ತು. ಅತ್ತಿ ಅದನ್ನು ಗೇಣಗಲ ಕತ್ತರಿಸಿ ನನಗೊಂದು ಕಾಲರು ಹೊಲಿದಳು, ಗುಂಡಿ ಹಾಕಿ ತೆಗೆಯುವಂಥದ್ದು. ಅದೇ ಹುಣಸೆಹಣ್ಣಿನ ಪೋಲಕ, ಕಾಲರು ಹಾಕಿದರೆ ಬೇರೆಯೇ ಪೋಲಕ. ಸೋಮವಾರ ಹಾಕು, ಮಂಗಳವಾರ ತೆಗೆ, ಬುಧವಾರ ಹಿಂದು ಮುಂದಾಗಿಸಿ ಹಾಕು ಎಂದು ಅತ್ತಿ ಹೇಳಿಕೊಟ್ಟಳು. ಶಾಲೆಯಲ್ಲಿ ಹುಡುಗಿಯರು ನಿನ್ನ ಹತ್ತಿರ ಎಷ್ಟು ಪೋಲಕ ಇವೆ ಎಂದು ಕೇಳಿದರು. ಆ ವಾರ ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಅವ್ವ ಕಾಲರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದಳು.

“ಇದೇನು ಅರಿವಿಯೋ, ನಾಟಕದ ಸಾಮಾನೋ? ಇರ್ಲಿ, ಗೂಡಿನ್ಯಾಗ ಜಾಗಾ ಹಿಡಿಯೂದಿಲ್ಲ.”

ಎರಡು ದಿನ ಬಿಟ್ಟು, ನಾವು ಯಾರೂ ಹತ್ತಿರವಿಲ್ಲವೆಂದು ತಿಳಿದು, ತನ್ನ ಕುಬಸದ ತೋಳನ್ನು ಅತ್ತಿಯ ಮುಂದೆ ಚಾಚಿ, ಇಲ್ಲಿಯೂ ಅದೇ ಬಟ್ಟೆಯ ಅಂಚು ಹಚ್ಚಲು ಬರುತ್ತದೆಯೇ ಎಂದು ಕೇಳುತ್ತಿದ್ದುದನ್ನು ಕಂಡೆ. ಅತ್ತಿ ನಗಲಿಲ್ಲ. ದಾರ ಪೋಣಿಸಿಕೊಂಡು ಕೂತಳು.

ಇಷ್ಟಾದರೂ ಚೀಲ ಗೂಟದಿಂದ ಇಳಿಯಲಿಲ್ಲ. ಅಷ್ಟರಲ್ಲಿ ಯಾರ್ಡಿನಲ್ಲಿ ಅಪ್ಪನನ್ನು ಜನ ಕೇಳಲು ಶುರು ಮಾಡಿದ್ದರು: ತಂಗಿ ಇನ್ನೂ ಇಲ್ಲೇ ಇದ್ದಾಳಲ್ಲ, ಏನು ವಿಶೇಷ? ಅಪ್ಪ ಒಳ್ಳೆಯವ, ಆದರೆ ಮಂದಿಯ ಮಾತಿಗೆ ಹೆದರುವವ. ಗಂಡ ಹೆಂಡಿರ ನಡುವೆ ಏನೋ ಮುನಿಸು, ಸುಗ್ಗಿ ಮುಗಿಯುವುದರೊಳಗೆ ಸರಿಹೋದೀತು ಎಂದು ತಿಳಿದಿದ್ದ. ಒಂದು ದಿನ ಊಟಕ್ಕೆ ಕೂತಾಗ ಹೇಳಿಬಿಟ್ಟ.

“ರಾಣೇಬೆನ್ನೂರಿಗೆ ಹೇಳಿ ಕಳಿಸೇನಿ. ಶನಿವಾರ ಬಂದು ಕರಕೊಂಡು ಹೋಗತಾರ. ಎಷ್ಟ ದಿನಾ ಅಂತ ತವರಮನ್ಯಾಗ ಕುಂದ್ರೂದು? ನಾಳೆ ನಮ್ಮ ಕಸ್ತೂರಿಗೂ ಗಂಡ ನೋಡೂದೈತಿ.”

ನನ್ನ ಹೆಸರು ಅದರಲ್ಲಿ ಬಂದದ್ದಕ್ಕೆ ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟೆ. ಅತ್ತಿ ತಲೆ ತಗ್ಗಿಸಿ ಆಗಲಿ ಅಣ್ಣಾ ಎಂದಳು. ಅವ್ವನ ಕಡೆ ನೋಡಿದೆ, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು. ಅವ್ವ ಅಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ಅಷ್ಟೇ. ಮರುದಿನದಿಂದ ಕೌದಿಯ ಗಂಟು ಬಿಚ್ಚಿ ಹಿತ್ತಲಲ್ಲಿ ಚಾಪೆ ಹಾಸಿ ಹೊಲಿಯಲು ಕೂತಳು. ನನಗೆ ಅವ್ವನ ಮೇಲೆ ಎಂಥ ಹೇಸಿಕೆ ಬಂತೆಂದರೆ, ಅವಳು ಕೊಟ್ಟ ಹಾಲು ಕುಡಿಯಲಿಲ್ಲ. ಅತ್ತಿಯ ಬೆನ್ನು ನೋಡಿದವಳು, ಅತ್ತಿಯನ್ನು ಕಳಿಸುವ ವಾರ ಕೌದಿ ಹೊಲಿಯುತ್ತಾಳೆ!

ಶನಿವಾರ ಬೆಳಗಿನ ಶಾಲೆ. ಬಿಟ್ಟವಳೇ ಓಡುತ್ತ ಮನೆಗೆ ಬಂದೆ. ಹೊರಗೆ ಹೊಳೆಯುವ ಬೂಟುಗಳು ಇದ್ದವು. ಪಡಸಾಲೆಯಲ್ಲಿ ಅತ್ತಿಯ ಗಂಡ, ನಾವು ರಾಣೇಬೆನ್ನೂರ ಮಾಮಾ ಎನ್ನುತ್ತಿದ್ದವರು, ಗರಿಗರಿ ಬಿಳಿ ಅಂಗಿಯಲ್ಲಿ ಕೂತು ಅಪ್ಪನ ಜೊತೆ ಹತ್ತಿಯ ಧಾರಣೆ ಮಾತಾಡುತ್ತಿದ್ದರು. ನನ್ನ ಗಲ್ಲ ಹಿಡಿಯಲು ಕೈ ಚಾಚಿದರು, ನಾನು ತಪ್ಪಿಸಿಕೊಂಡು ಒಳಕೋಣೆಗೆ ಓಡಿದೆ. ಬಾಗಿಲ ಹಿಂದೆ ನೋಡಿದರೆ ಗೂಟ ಬರಿದಾಗಿತ್ತು. ತಿರುಗಿ ಹೊರಗೆ ಓಡಬೇಕೆನ್ನುವಷ್ಟರಲ್ಲಿ, ಟ್ರಂಕಿನ ಹಿಂದಿನಿಂದ ಅತ್ತಿ ತಲೆ ಎತ್ತಿದಳು. ಅವಳೂ ಹುಡುಕುತ್ತಿದ್ದಳು. ಮೈಮೇಲೆ ಅದೇ ಮಚ್ಚೆಯ ಆಕಾಶ ಬಣ್ಣದ ಸೀರೆ. ಬಂದದ್ದರಲ್ಲೇ ಹೋಗಬೇಕೆಂದು ಉಟ್ಟಿದ್ದಳು.

“ಕಸ್ತೂರೀ, ನನ್ನ ಚೀಲ ನೋಡೀಯೇನ?”

ಇಬ್ಬರೂ ಹಿತ್ತಲಿಗೆ ಹೋದೆವು. ಅವ್ವ ಚಾಪೆಯ ಮೇಲೆ ಕೌದಿ ಹರವಿಕೊಂಡು, ತಲೆ ಎತ್ತದೆ, ಸೂಜಿ ಹಾಕುತ್ತಿದ್ದಳು.

“ವೈನಿ, ನನ್ನ ಚೀಲ ಎಲ್ಲೈತಿ?”

“ಇಲ್ಲೈತಲ್ಲ.” ಅವ್ವ ಕೌದಿಯ ತುದಿ ಮಗುಚಿ ತೋರಿಸಿದಳು. ಕ್ಯಾನ್ವಾಸು ಬಿಚ್ಚಿಕೊಂಡು ಅಗಲವಾಗಿ ಅಲ್ಲಿ ಹೊಲಿಸಿಕೊಂಡಿತ್ತು, ಕೆಂಪು ಅಕ್ಷರಗಳ ಮೇಲೆಲ್ಲ ಅವ್ವನ ಬಿಳಿ ದಾರದ ಹೆಜ್ಜೆ. “ಬಟ್ಟಿ ಗಟ್ಟಿ ಇತ್ತು. ಕಾಲಕಡೆ ಹಚ್ಚೇನಿ.”

“ಮತ್ತ ನನ್ನ ಅರಿವಿ?”

“ಗೂಡಿನ್ಯಾಗ ಅದಾವ.”

“ಯಾರ ಗೂಡಿನ್ಯಾಗ?”

“ನಿನ್ನ ಗೂಡಿನ್ಯಾಗ. ನನ್ನವು ನಿಮ್ಮ ಅಣ್ಣನ ಗೂಡಿನ್ಯಾಗ ಇಟ್ಟೇನಿ. ಗಂಡಾ ಹೆಂಡ್ತಿ ಅರಿವಿ ಒತ್ತಟ್ಟಿಗೆ ಇದ್ರ ಏನ ಜಗಳಾಡೂದಿಲ್ಲ.”

ಅತ್ತಿ ಬಗ್ಗಿ ಕೌದಿಯ ಆ ತುದಿಯನ್ನು ಮುಟ್ಟಿ ನೋಡಿದಳು. ಪಡಸಾಲೆಯಿಂದ ಅಪ್ಪನ ದನಿ ಬಂತು, ಶಾಂತಾ, ಲಗೂ ತಯಾರಾಗವಾ, ಬಸ್ಸಿನ ಹೊತ್ತಾತು ಎಂದು. ಅವ್ವ ಸೂಜಿಯನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ಹೋಗಿ ಹೊಸ್ತಿಲಲ್ಲಿ ನಿಂತಳು.

“ಚೀಲ ಇಲ್ಲರಿ.”

“ಚೀಲ ಇಲ್ಲಂದ್ರ? ಮೆಣಸಿನಕಾಯಿ ದಲಾಲನ ಮನ್ಯಾಗ ಚೀಲಕ್ಕ ಬರ ಬಂತೇನು?”

“ಅದಾವಲ್ಲ, ಗೋಣಿಚೀಲ. ಅದರಾಗ ತುಂಬಿ ಕಳಸ್ಲೇನು? ರಾಣೇಬೆನ್ನೂರು ಮುಟ್ಟೂದ್ರಾಗ ಬಸ್ಸಿನ್ಯಾಗಿನ ಮಂದಿ ಎಲ್ಲಾ ಸೀನಿ ಸೀನಿ ಇಳದು ಹೋಗತಾರ.”

ಅಪ್ಪನಿಗೆ ನಗು ಬಂತು. ಮಾಮಾ ಕೂಡ ನಕ್ಕರು. ನಗುತ್ತಲೇ ಹೇಳಿದರು:

“ಅಂಗಡಿ ತುಂಬ ಅರಿವಿ ಇಟ್ಟವರಿಗೆ ಅದರ ಚಿಂತಿ ಯಾಕ ಅಕ್ಕಾರ? ಬರಿಗೈಲೆ ಬರ್ಲಿ. ಹಳೇವು ಇಲ್ಲೇ ಬಿದ್ದಿರ್ಲಿ, ನಾ ಹೊಸಾವ ಉಡಸ್ತೇನಿ.”

 ಅವ್ವ ಇಷ್ಟು ದಿನ ಕೂತು ಹೊಲಿದ ಉಪಾಯ ಒಂದೇ ಮಾತಿಗೆ ಬಿಚ್ಚಿಹೋಗಿತ್ತು.  ಮಾತು ಮುರಿಯಬೇಕು, ಇಲ್ಲವೆ ಅತ್ತಿಯನ್ನು ಕಳಿಸಬೇಕು. ನನ್ನವ್ವನಿಗೆ ಏನೂ ತೋಚದೆ ನಿಂತದ್ದನ್ನು ನಾನು ಆಗ ಮೊದಲ ಸಲ ನೋಡಿದೆ. ಆಗ ನನ್ನ ಹಿಂದಿನಿಂದ ಅತ್ತಿ ಒಳಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಬಂದಾಗ ಅವಳ ಮೈಮೇಲೆ ಕಾಫಿ ಬಣ್ಣದ ಸೀರೆಯಿತ್ತು, ಅವ್ವ ಕೊಟ್ಟದ್ದು. ಆಕಾಶ ಬಣ್ಣದ್ದು ಮಡಚಿ ಕೈಯಲ್ಲಿತ್ತು.

“ನಾ ಬರೂದಿಲ್ಲ. ನನ್ನ ಅರಿವಿ ಗೂಡಿನ್ಯಾಗ ಅದಾವ.”

“ಅಂದ್ರ?” ಅಪ್ಪ ಎದ್ದು ನಿಂತ. “ಬರೂದಿಲ್ಲಂದ್ರ ಏನವಾ? ಕಾರಣಾ ಹೇಳು.”

“ವೈನೀನ್ನ ಕೇಳಣ್ಣಾ. ಬೆನ್ನಿಗೆ ಎಣ್ಣಿ ಹಚ್ಚಿದಾಕಿ ಆಕಿ.”

ಅಪ್ಪ ಅವ್ವನ ಕಡೆ ತಿರುಗಿದ. ಅವ್ವ ಮಾತಿನಿಂದ ಬಿಡುಗಡೆಯಾಗಿದ್ದಳು. ಖರೇ ಐತ್ರಿ, ನಾ ಕಣ್ಣಾರೆ ನೋಡೇನಿ, ಹಳೇ ಬರಿ ಮ್ಯಾಲೆ ಹೊಸಾ ಬರಿ ಇದ್ದುವು ಎಂದಳು. ಪಡಸಾಲೆಯಲ್ಲಿ ಮಾಮಾ ಚಹದ ಬಸಿಯನ್ನು ನೋಡುತ್ತ ಕೂತರು. ಅಪ್ಪ ಅವರ ಮೇಲೆ ಏರಿ ಹೋಗುತ್ತಾನೆಂದು ನಾನು ಕಣ್ಣು ಮುಚ್ಚಿದೆ. ಅಪ್ಪ ಏರಿ ಹೋಗಲಿಲ್ಲ. ಯಾರ್ಡಿನಲ್ಲಿ ಮಾಲು ಬೇಡ ಎನ್ನುವಾಗಿನ ದನಿಯಲ್ಲಿ, ಮರ್ಯಾದೆ ಒಂದಿಷ್ಟೂ ಬಿಡದೆ ಹೇಳಿದ.

“ಚಾ ಆರಾಕತ್ತೈತಿ. ಕುಡದು ಹೊಂಡ್ರಿ.”

ಬೂಟಿನ ಸದ್ದು ಓಣಿ ದಾಟಿದ ಮೇಲೆ ಅಪ್ಪ ಗೋಡೆಗೆ ಒರಗಿ, ನನಗ ಯಾಕ ಹೇಳಲಿಲ್ಲವಾ ಎಂದು ತಂಗಿಯನ್ನು ಒಂದೇ ಸಲ ಕೇಳಿ ಅತ್ತ. ಅವ್ವ ಹಿತ್ತಲಿಗೆ ಹೋಗಿ ಕೌದಿಯ ಮುಂದೆ ಕೂತಿದ್ದಳು. ಅತ್ತಿ ಬಂದು ಅವಳ ತೊಡೆಯ ಮೇಲೆ ಆ ಸೀರೆ ಇಟ್ಟಳು.

“ಇದನ್ನೂ ಹಚ್ಚು ವೈನಿ. ಒಂದು ಬಂದ್ರ ಒಂದು ಹೋಗಬೇಕಲ್ಲ ನಿನ್ನ ಮನ್ಯಾಗ.”

“ಸೀರಿ ತಂದಿ, ಕತ್ತರಿ ಯಾರ ತರಬೇಕು? ನಿಮ್ಮಪ್ಪ ಬರತಾನೇನು ಮ್ಯಾಲಿಂದ?” ಎಂದು ಅವ್ವ ಗದರಿದಳು. ಕಣ್ಣೊರೆಸಿಕೊಂಡದ್ದು ಮಾತ್ರ ಆ ಸೀರೆಯಿಂದಲೇ.

ಕೌದಿ ಮುಗಿದ ದಿನ ಹೋಳಿಗೆ ಮಾಡಿದರು. ಹಸಿದ ಕೌದಿಯನ್ನು ಹೊದೆಯಬಾರದೆಂದು ನಮ್ಮಲ್ಲಿ ಮಡಚಿದ ಕೌದಿಯೊಳಗೆ ಮೊದಲು ಒಂದು ಹೋಳಿಗೆ ಇಡುತ್ತಾರೆ. ಅಂದು ಅದನ್ನು ಅತ್ತಿಯ ಕೈಯಿಂದ ಇಡಿಸಿದರು. ರಾಣೇಬೆನ್ನೂರಿನ ಅಂಗಡಿಯ ಹೆಸರಿನ ಮೇಲೆ ಕಾಲು ಚಾಚಿ ನಾನೂ ಬಸುವೂ ಎಷ್ಟೋ ವರ್ಷ ಮಲಗಿದೆವು. ಅತ್ತಿ ಮುಂದೆ ಹೊಲಿಗೆ ಮಷೀನು ಇಟ್ಟುಕೊಂಡಳು. ಯಾರ್ಡಿನಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರು ಸೀರೆಯ ಮೇಲೆ ಹಾಕಿಕೊಳ್ಳುವ ತುಂಬುತೋಳಿನ ಅಂಗಿಗಳನ್ನು ಅವಳಷ್ಟು ಚಂದ ಯಾರೂ ಹೊಲಿಯುತ್ತಿರಲಿಲ್ಲ. ಎಲ್ಲಕ್ಕೂ ಒಂದೇ ಬಣ್ಣ, ಕಾಲರು ಮಾತ್ರ ಒಬ್ಬೊಬ್ಬರದು ಒಂದೊಂದು. ಕಾಗಿನೆಲೆ ಕಡೆಯ ಹಳ್ಳಿಗಳಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಅವ್ವನ ಜೊತೆಗಿನ ಜಗಳ ಕೊನೆಯವರೆಗೂ ನಿಲ್ಲಲಿಲ್ಲ.

ಅತ್ತಿ ತೀರಿಕೊಂಡಾಗ ನಾನು ಹಾವೇರಿಯಿಂದ ಹೋದೆ. ಎಲ್ಲ ಮುಗಿದ ಮೇಲೆ ನೋಡಿದರೆ ಅವಳ ಗೂಡಿನಲ್ಲಿ ಒಂದು ಸೀರೆ, ಜೊತೆಗೆ ಊರ ಮಂದಿಗೆಂದು ಇಟ್ಟುಕೊಂಡ ಇನ್ನೊಂದು. ಹಗ್ಗದ ಮೇಲೆ ಬೆಳಗ್ಗೆ ತಾನೇ ಒಗೆದು ಹಾಕಿದ್ದ ಸೀರೆಯ ಅಂಚು ಇನ್ನೂ ಹಸಿಯಾಗಿತ್ತು. ಅಂಗಡಿ ತುಂಬ ಅರಿವೆಯಿದ್ದವರ ಮನೆಯಿಂದ ಬಂದವಳ ಆಸ್ತಿ ಅಷ್ಟು. ಅವ್ವ ಆ ಸೀರೆ ಒಣಗುವವರೆಗೆ ಕಾದು, ಮಡಚಿ, ಗೂಡಿನಲ್ಲಿಟ್ಟಳು. ಅಪ್ಪ ಹೋಗಿ ಆಗಲೇ ಬಹಳ ವರ್ಷವಾಗಿತ್ತು, ಅವ್ವನ ಅರಿವೆ ಇನ್ನೂ ಅವನ ಗೂಡಿನಲ್ಲೇ ಇದ್ದವು. ಇನ್ನಾದರೂ ನಿನ್ನ ಗೂಡಿಗೆ ನೀನು ಬಾ ಅವ್ವಾ ಎಂದೆ.

“ಅದು ನಂದಲ್ಲ,” ಎಂದಳು. “ಶಾಂತಾಂದು.”

ಸಹನಾ ಇದನ್ನೆಲ್ಲ ಕೊನೆಯವರೆಗೂ ಕೇಳಿದಳು. ಆರಿಸಿಟ್ಟ ಅರಿವೆಯನ್ನು ಮತ್ತೆ ಸೂಟ್‌ಕೇಸಿಗೇ ತುಂಬಿ ಆಫೀಸಿನ ಫೋನು ಬಂತೆಂದು ಎದ್ದಳು. ಮರುದಿನ ಅವಳು ಬ್ಯಾಂಕಿಗೆ ಹೋದ ಮೇಲೆ ನಾನು ಒಂದೊಂದಾಗಿ ತೆಗೆದು ಬಂದವರಿಗೆಂದು ಖಾಲಿ ಇಟ್ಟಿದ್ದ ಅರೆಯಲ್ಲಿ ಜೋಡಿಸಿದೆ. ಎಲ್ಲದರ ಜೊತೆ ಎಲ್ಲವೂ ಹೊಂದುತ್ತಿದ್ದವು, ಹುಡುಗಿ ಜಾಣೆ. ಸಂಜೆ ಬಂದವಳು ಕೋಣೆಯೆಲ್ಲ ಹುಡುಕಿ ಬಂದು ನನ್ನ ಮುಂದೆ ನಿಂತಳು.

“ಅಜ್ಜಿ, ನನ್ನ ಸೂಟ್‌ಕೇಸ್ ಎಲ್ಲೈತಿ?”

“ಅಟ್ಟದ ಮ್ಯಾಲೆ ಇಟ್ಟೇನಿ. ಇಳಿಸಿ ಕೊಡಂತ ಕೇಳಬ್ಯಾಡ, ನನಗ ಮೊಣಕಾಲು ನೋವು.”

“ಏರಸೂಮುಂದ ಇರಲಿಲ್ಲೇನು ನೋವು?”

“ಆಗ ಇರಲಿಲ್ಲ,” ಎಂದೆ. “ಕೈಕಾಲು ತೊಳಕೊಂಡು ಬಾ, ರೊಟ್ಟಿ ಆರಾಕತ್ತಾವ.”